ಬಿಚ್ಚಿ ಕಟ್ಟುವ ಡಿಶ್‌ಗೆ ಸಿಗ್ನಲ್ ಯಾಕೆ ಬೀಳುತ್ತೆ? ದಾವಣಗೆರೆ, ಚಿತ್ರದುರ್ಗದವರ ಪ್ರಶ್ನೆಗಳಿಗೆ ಉತ್ತರ

ಜಾತ್ರೆ, ಸಮಾವೇಶ, ಲೈವ್ ಪ್ರಸಾರ ಅಂತ ಡಿಶ್ ಹೊತ್ತು ಓಡಾಡುವ ನಮ್ಮ ಎರಡೂ ಜಿಲ್ಲೆಯವರು ಗುಂಪಿನಲ್ಲಿ ಕೇಳಿದ ಪ್ರಶ್ನೆಗಳಿವು. ಉತ್ತರಿಸಿದವರು ದಾವಣಗೆರೆಯಲ್ಲಿ ಡಿಎಸ್‌ಎನ್‌ಜಿ ವ್ಯಾನ್ (ಲೈವ್ ಪ್ರಸಾರವನ್ನು ಉಪಗ್ರಹಕ್ಕೆ ಕಳಿಸುವ ಗಾಡಿ) ಮತ್ತು ವೀಸ್ಯಾಟ್ (ಉಪಗ್ರಹದ ಜೊತೆ ಸಂಪರ್ಕಕ್ಕೆ ಬಳಸುವ ಸಣ್ಣ ಡಿಶ್) ಆಂಟೆನಾ ರಿಪೇರಿ ಮಾಡುವ ಟೆಕ್ನಿಷಿಯನ್.

ಪ್ರಶ್ನೆ (ಚಳ್ಳಕೆರೆಯಿಂದ): ನಮಸ್ಕಾರ ಸರ್. ನಮ್ಮದು ನಾಲ್ಕು ತುಂಡು ಜೋಡಿಸುವ 1.2 ಮೀಟರ್ ಆಫ್‌ಸೆಟ್ ಡಿಶ್ (ಸಿಗ್ನಲ್ ಹಿಡಿಯುವ ಬಾಯಿ ನಡುವೆ ಅಲ್ಲದೆ ಬದಿಯಲ್ಲಿರುವಂಥದ್ದು), ಕೆಯು-ಬ್ಯಾಂಡ್ (12-14 ಗಿಗಾಹರ್ಟ್ಸ್ ತರಂಗ). ಪೆಟ್ಟಿಗೆಯಲ್ಲಿಟ್ಟು ಗಾಡಿ ಮೇಲೆ ಒಯ್ಯುತ್ತೇವೆ. ಮೊದಲು ಮೋಡೆಮ್ 12 ಡಿಬಿ (ಡೆಸಿಬೆಲ್, ಸಿಗ್ನಲ್ ಅಳೆಯುವ ಮಾನ) ತೋರಿಸುತ್ತಿತ್ತು, ಈಗ ಮೋಡವಿಲ್ಲದ ದಿನವೂ 9 ದಾಟಲ್ಲ. ಎಲ್‌ಎನ್‌ಬಿ (ಬಂದ ಸಿಗ್ನಲ್ ಹಿಗ್ಗಿಸುವ ಭಾಗ) ಬದಲಾಯಿಸಿದ್ದಾಯ್ತು, ಕೇಬಲ್ ಬದಲಾಯಿಸಿದ್ದಾಯ್ತು. ಬಿಯುಸಿ ಹೋಗಿರಬಹುದಾ?

ಉತ್ತರ: ಬಿಯುಸಿಯ ತಂಟೆಗೆ ಹೋಗಬೇಡಿ. ಅದು ಸಿಗ್ನಲ್ ಬಲಪಡಿಸಿ ಕಳಿಸುವ ಕಡೆಯದು, ನೀವು ಹೇಳುತ್ತಿರುವುದು ಬರುವ ಸಿಗ್ನಲ್. ಹೊಸ ಎಲ್‌ಎನ್‌ಬಿ, ಹೊಸ ಕೇಬಲ್ ಹಾಕಿದರೂ ಅದೇ 9 ಬರುತ್ತಿದೆ ಅಂದರೆ ತೊಂದರೆ ಅವುಗಳಿಗಿಂತ ಮುಂದೆ, ಡಿಶ್‌ನಲ್ಲೇ ಇದೆ. ಬಿಚ್ಚಿ ಕಟ್ಟುವ ಡಿಶ್ ನನ್ನ ಹತ್ತಿರ ಬಂದರೆ ಮೀಟರ್ ತೆಗೆಯುವ ಮೊದಲು ನಾನು ದಾರ ತೆಗೆಯುತ್ತೇನೆ.

ಗಾರೆ ಕೆಲಸದವರು ಬಳಸುವ ನೈಲಾನ್ ದಾರ ಸಾಕು. ಡಿಶ್ ಕಟ್ಟಿ, ಅಂಚಿನ ಮೇಲಿಂದ ಕೆಳಕ್ಕೆ ಒಂದು, ಎಡದಿಂದ ಬಲಕ್ಕೆ ಇನ್ನೊಂದು ದಾರ ಬಿಗಿಯಾಗಿ ಎಳೆದು ಕಟ್ಟಿ. ನಡುವೆ ಎರಡೂ ದಾರ ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಇರಬೇಕು. ಸಂದು ಕಂಡರೆ, ಅಥವಾ ಒಂದು ಇನ್ನೊಂದನ್ನು ತಳ್ಳಿ ಬಾಗಿಸುತ್ತಿದ್ದರೆ ಡಿಶ್ ತಿರುಚಿಕೊಂಡಿದೆ. ಆಮೇಲೆ ಜೋಡಣೆಯ ಗೆರೆ ಉದ್ದಕ್ಕೂ ಉಗುರು ಓಡಿಸಿ. ಎಲ್ಲಿ ಉಗುರು ಸಿಕ್ಕಿಕೊಳ್ಳುತ್ತೋ ಅಲ್ಲಿ ಒಂದು ತುಂಡು ಪಕ್ಕದ್ದಕ್ಕಿಂತ ಮೇಲೆದ್ದಿದೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಮೂರು ಡಿಬಿ ಹೋಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಹೋಗುತ್ತೆ. 12 ಗಿಗಾಹರ್ಟ್ಸ್ ತರಂಗದ ಉದ್ದ ಬರೀ 2.5 ಸೆಂಟಿಮೀಟರ್. ಡಿಶ್‌ನ ಮೈ ಇರಬೇಕಾದ ಆಕಾರದಿಂದ ಸರಾಸರಿ 1 ಮಿಲಿಮೀಟರ್ ಆಚೀಚೆ ಆದರೆ ಸುಮಾರು 1.1 ಡಿಬಿ ನಷ್ಟ. 1.6 ಮಿಲಿಮೀಟರ್ ದಾಟಿದರೆ ನಿಮ್ಮ ಮೂರು ಡಿಬಿ ಅಲ್ಲಿಗೇ ಮುಗೀತು. ಕಳಿಸುವ 14 ಗಿಗಾಹರ್ಟ್ಸ್‌ನಲ್ಲಿ ಇನ್ನೂ ಕಷ್ಟ, 1 ಮಿಲಿಮೀಟರಿಗೇ ಒಂದೂವರೆ ಡಿಬಿ, ಅಂದರೆ ಕಳಿಸಿದ ಶಕ್ತಿಯಲ್ಲಿ ಶೇಕಡಾ 30 ಪೋಲು. 1975-76ರಲ್ಲಿ ಸೈಟ್ (ಉಪಗ್ರಹದಿಂದ ಹಳ್ಳಿಗಳಿಗೆ ಶೈಕ್ಷಣಿಕ ಟಿವಿ) ಪ್ರಯೋಗದಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿಗೂಡಿನ ತಂತಿಬಲೆಯ 3 ಮೀಟರ್ ಡಿಶ್ ಹಾಕಿ ಟಿವಿ ತೋರಿಸಿದ್ದರು. ಅದು ನಡೆಯಿತು, ಯಾಕಂದರೆ ಆ ಉಪಗ್ರಹ ಕಳಿಸುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ, ತರಂಗ ಒಂದಡಿಗೂ ಉದ್ದ. ಕೆಯು-ಬ್ಯಾಂಡ್‌ಗೆ ಆ ಸಲಿಗೆ ಇಲ್ಲ.

ಚಳ್ಳಕೆರೆಯಿಂದಲೇ: ದಾರ ಕಟ್ಟಿ ನೋಡಿದ್ವಿ ಸರ್. ಕಿರುಬೆರಳು ತೂರುವಷ್ಟು ಸಂದಿತ್ತು! ಮೂರನೇ ತುಂಡು ಕೂರುವ ಕಡೆ ಮಣ್ಣು ಕಲ್ಲಾಗಿ ಕೂತಿತ್ತು. ಕೆರೆದು ಒರೆಸಿದ ಮೇಲೆ 11ಕ್ಕೆ ಬಂತು. ಇನ್ನೊಂದು ಡಿಬಿ ಎಲ್ಲಿ ಹೋಯ್ತು?

ಉತ್ತರ: ಬಹಳ ಸಂತೋಷ. ಉಳಿದದ್ದಕ್ಕೆ ಎರಡು ಜಾಗ ನೋಡಿ. ಮೊದಲನೆಯದು ಜೋಡಿಸುವ ಕ್ರಮ. ತುಂಡುಗಳ ಹಿಂದೆ ನಂಬರ್ ಇರುತ್ತೆ, ಅಳಿಸಿದ್ದರೆ ಪೇಂಟ್‌ನಲ್ಲಿ ಬರೆದುಕೊಳ್ಳಿ. ಎಲ್ಲ ಬೋಲ್ಟೂ ಮೊದಲು ಸಡಿಲವಾಗಿ ಹಾಕಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಒಂದು ಕಡೆ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋದರೆ ಡಿಶ್ ಆ ಕಡೆಗೆ ಎಳೆದುಕೊಳ್ಳುತ್ತೆ. ಎರಡನೆಯದು ಫೀಡ್ (ಡಿಶ್ ಮುಂದೆ ಇದ್ದು ಸಿಗ್ನಲ್ ಹಿಡಿಯುವ, ಕಳಿಸುವ ಭಾಗ) ಹಿಡಿದಿರುವ ತೋಳು. ಪೆಟ್ಟಿಗೆ ಇಳಿಸುವಾಗ ಹುಡುಗರು ಅದನ್ನೇ ಹಿಡಿದು ಎತ್ತುತ್ತಾರೆ, ಅದು ಬಾಗುತ್ತೆ. ಡಿಶ್‌ನ ಎಡ ಅಂಚಿನಿಂದ ಫೀಡ್ ಬಾಯಿಗೆ, ಬಲ ಅಂಚಿನಿಂದ ಫೀಡ್ ಬಾಯಿಗೆ ಟೇಪ್ ಹಿಡಿದು ಅಳೆಯಿರಿ. ಎರಡೂ ಒಂದೇ ಬರಬೇಕು.

ಫೈಬರ್ ತುಂಡಿನಲ್ಲಿ ಬಿರುಕು ಕಂಡರೆ ಎಂ-ಸೀಲ್ ಮೆತ್ತಿ ಕೈಬಿಡಬೇಡಿ. ಫೈಬರ್ ಡಿಶ್‌ನಲ್ಲಿ ಸಿಗ್ನಲ್ ಪ್ರತಿಫಲಿಸುವುದು ಒಳಗೆ ಹುದುಗಿಸಿರುವ ಲೋಹದ ಜಾಲರಿ. ಅದು ಹರಿದಿದ್ದರೆ ಸದ್ಯಕ್ಕೆ ಅಲ್ಯೂಮಿನಿಯಂ ಫಾಯಿಲ್ ಟೇಪನ್ನು ಸುಕ್ಕಿಲ್ಲದೆ ಒತ್ತಿ ಅಂಟಿಸಿದರೆ ಕಾರ್ಯಕ್ರಮ ಮುಗಿಯುವವರೆಗೆ ನಡೆಯುತ್ತೆ.

ಪ್ರಶ್ನೆ (ಹರಿಹರದಿಂದ): ಅಣ್ಣಾ, 93.5 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹಕ್ಕೆ ಕೂರಿಸ್ತೀವಿ. ಸಿಗ್ನಲ್ ಚೆನ್ನಾಗೇ ಬರುತ್ತೆ. ಆದರೆ ಹಬ್‌ನವರು (ಉಪಗ್ರಹ ಜಾಲದ ಮುಖ್ಯ ಕೇಂದ್ರದವರು) ಪ್ರತಿ ಸಲ ಕ್ರಾಸ್-ಪೋಲ್ (ನಮ್ಮ ಸಿಗ್ನಲ್ ಇನ್ನೊಂದು ಪೋಲರೈಸೇಷನ್‌ಗೆ ಸೋರುವುದು) ಸರಿಯಿಲ್ಲ ಅಂತ ಅಪ್‌ಲಿಂಕ್‌ಗೆ, ಅಂದರೆ ಮೇಲಕ್ಕೆ ಕಳಿಸೋಕೆ, ಒಪ್ಪಿಗೆ ಕೊಡಲ್ಲ. ಬೇಕಂತ ಸತಾಯಿಸ್ತಾರಾ?

ಉತ್ತರ: ಇಲ್ಲಪ್ಪಾ, ಅವರು ಹೇಳೋದು ಸರಿ. ದಾವಣಗೆರೆ, ಹರಿಹರದಿಂದ ಆ ಉಪಗ್ರಹ ಆಗ್ನೇಯಕ್ಕೆ, ಸುಮಾರು 128 ಡಿಗ್ರಿ ದಿಕ್ಕಿನಲ್ಲಿ, ನೆಲದಿಂದ 63.5 ಡಿಗ್ರಿ ಎತ್ತರದಲ್ಲಿದೆ. ಇಷ್ಟು ಮೇಲೆ ನೋಡುವ ಡಿಶ್‌ಗೆ ಎಡ-ಬಲದ ತಪ್ಪು ಅರ್ಧಕ್ಕಿಂತ ಕಡಿಮೆ ತಟ್ಟುತ್ತೆ, ಹಾಗಾಗಿ ಸಿಗ್ನಲ್ ಬೇಗ ಸಿಗುತ್ತೆ. ನಮ್ಮ ಕಡೆ ನಿಜವಾದ ಕೆಲಸ ಇರುವುದು ಫೀಡ್ ತಿರುಗಿಸುವುದರಲ್ಲಿ. ಆ ಉಪಗ್ರಹಕ್ಕೆ ನಮ್ಮಲ್ಲಿ ಫೀಡ್ ಸುಮಾರು 50 ಡಿಗ್ರಿ ವಾಲಬೇಕು. 83 ಡಿಗ್ರಿ ಪೂರ್ವದ್ದಾದರೆ ಅದರ ಅರ್ಧದಷ್ಟು, 25 ಡಿಗ್ರಿ ಸಾಕು. ನೀವು ಎರಡೂ ಉಪಗ್ರಹಕ್ಕೆ ಹಾಕುತ್ತೀರಾದರೆ ಹಳೇ ಗುರುತಿಗೇ ನಿಲ್ಲಿಸಿಬಿಡುವ ಸಾಧ್ಯತೆ ಬಹಳ.

ಇಲ್ಲಿ ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ಫೀಡ್ 5 ಡಿಗ್ರಿ ತಪ್ಪಿದರೂ ನಿಮ್ಮ ಸಿಗ್ನಲ್ ಕಡಿಮೆಯಾಗುವುದು 0.03 ಡಿಬಿ, ಮೀಟರಿನಲ್ಲಿ ಕಾಣುವುದೇ ಇಲ್ಲ. ಆದರೆ ಎದುರು ಪೋಲರೈಸೇಷನ್‌ನಲ್ಲಿ (ತರಂಗ ಕಂಪಿಸುವ ಅಡ್ಡ, ಉದ್ದ ದಿಕ್ಕುಗಳಲ್ಲಿ ನಿಮ್ಮದಲ್ಲದ ಇನ್ನೊಂದರಲ್ಲಿ) ಇರುವವರ ಮೇಲೆ ನಿಮ್ಮ ಸಿಗ್ನಲ್ ಬರೀ 21 ಡಿಬಿ ಕೆಳಗೆ ಹೋಗಿ ಬೀಳುತ್ತೆ. ಸಾಮಾನ್ಯವಾಗಿ ಕೇಳುವುದು 30 ಡಿಬಿ ಅಂತರ. ಅದು ಬರಬೇಕಾದರೆ ಫೀಡ್ ಎರಡು ಡಿಗ್ರಿಯೊಳಗೇ ಇರಬೇಕು. ಆದ್ದರಿಂದ ನಿಮ್ಮ ಸಿಗ್ನಲ್ ಹೆಚ್ಚಾಗುವುದನ್ನು ನೋಡಿಕೊಂಡು ಫೀಡ್ ತಿರುಗಿಸಬೇಡಿ. ಹಬ್‌ನವರ ಜೊತೆ ಫೋನಿನಲ್ಲಿದ್ದು, ಎದುರು ಪೋಲ್‌ನಲ್ಲಿ ನಿಮ್ಮ ಕ್ಯಾರಿಯರ್ (ನೀವು ಕಳಿಸುವ ಸಿಗ್ನಲ್) ಅತಿ ಕಡಿಮೆ ಆಗುವ ಜಾಗ ಹುಡುಕಿ. ಅದು ಚೂಪಾಗಿ ಸಿಗುತ್ತೆ. ಸಿಕ್ಕ ಕೂಡಲೇ ಕ್ಲಾಂಪ್ ಬಿಗಿಮಾಡಿ, ಬಿಗಿಮಾಡಿದ ಮೇಲೆ ಇನ್ನೊಮ್ಮೆ ಕೇಳಿ. ಬಿಗಿಮಾಡುವಾಗಲೇ ಅದು ಜರುಗುತ್ತೆ.

ಇನ್ನು ದಿಕ್ಸೂಚಿ. ವ್ಯಾನ್ ಪಕ್ಕ ನಿಂತು ಮೊಬೈಲ್ ನೋಡಬೇಡಿ, ಕಬ್ಬಿಣ ಅದನ್ನು ಎಳೆಯುತ್ತೆ.

ಪ್ರಶ್ನೆ (ಚಿತ್ರದುರ್ಗದಿಂದ): ನಾಯಕನಹಟ್ಟಿ ಜಾತ್ರೆಗೆ ಮಾರ್ಚ್ ನಡುವೆ ಡಿಶ್ ಹಾಕಿದ್ವಿ, 93.5ಕ್ಕೇ. ಹನ್ನೊಂದು ದಾಟುತ್ತಲೂ ಲಿಂಕ್ ಹೋಗಿ ಕೆಲವು ನಿಮಿಷದ ಮೇಲೆ ತಾನೇ ಬಂತು, ಮರುದಿನವೂ ಹಾಗೇ. ಇಳಿಸುವಾಗ ನೋಡಿದರೆ ಫೀಡ್ ಬಾಯಿಯ ಪ್ಲಾಸ್ಟಿಕ್ ಮುಚ್ಚಳ ಕರಗಿ ಸುಕ್ಕಾಗಿದೆ. ಜಾತ್ರೆಗೆ ಮೊದಲು ಡಿಶ್‌ಗೆ ಹೊಸದಾಗಿ ಪೇಂಟ್ ಹೊಡೆಸಿದ್ವಿ. ಬಿಯುಸಿ ಬಿಸಿಯಾಗಿ ಹೀಗಾಯ್ತಾ?

ಉತ್ತರ: ಎರಡಕ್ಕೂ ಕಾರಣ ಸೂರ್ಯ. ವರ್ಷಕ್ಕೆ ಎರಡು ಸಲ, ನಮ್ಮ ಅಕ್ಷಾಂಶದಲ್ಲಿ ಮಾರ್ಚ್ ನಡುಭಾಗ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಸೂರ್ಯ ಕೆಲವು ದಿನ ಸರಿಯಾಗಿ ಉಪಗ್ರಹದ ಹಿಂದೆ ಹಾದುಹೋಗುತ್ತಾನೆ. ಆ ಹೊತ್ತಿನಲ್ಲಿ ಸೂರ್ಯನ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಚ್ಚಿಹೋಗುತ್ತೆ. 93.5ಕ್ಕೆ ನಮ್ಮಲ್ಲಿ ಅದು ಬೆಳಿಗ್ಗೆ ಹನ್ನೊಂದರ ಆಸುಪಾಸು. ಡಿಶ್ ಮುಟ್ಟಬೇಡಿ, ಅಲ್ಲಾಡಿಸಬೇಡಿ, ಕಾಯಿರಿ. ಆಯೋಜಕರಿಗೆ ಹಿಂದಿನ ದಿನವೇ ಹೇಳಿಬಿಟ್ಟರೆ ಆ ಹೊತ್ತಿಗೆ ರೆಕಾರ್ಡ್ ಮಾಡಿದ್ದನ್ನು ಹಾಕಿಕೊಳ್ಳುತ್ತಾರೆ.

ಮುಚ್ಚಳ ಕರಗಿದ್ದು ಪೇಂಟಿನಿಂದ. ಹೊಳೆಯುವ ಎನಾಮೆಲ್ ಹೊಡೆಸಿದ್ದೀರಿ ಅಲ್ವಾ? ಡಿಶ್‌ಗೆ ಕಂಪನಿಯಿಂದ ಬರುವ ಬಣ್ಣ ಮಂಕಾಗಿ, ತರಿತರಿಯಾಗಿ ಇರುವುದು ಅಂದಕ್ಕಲ್ಲ. ಸಿಗ್ನಲ್ ಫೀಡ್‌ಗೆ ಹೋಗಬೇಕು, ಬಿಸಿಲು ಚದುರಿಹೋಗಬೇಕು, ಅದಕ್ಕೆ. ಹೊಳಪು ಬಣ್ಣ ಹೊಡೆದರೆ ಬಿಸಿಲೂ ಫೀಡ್ ಬಾಯಿಗೇ ಕೂಡಿಕೊಳ್ಳುತ್ತೆ. ಆ ಬಣ್ಣವನ್ನು ನುಣ್ಣನೆ ಮರಳುಕಾಗದದಿಂದ (ವಾಟರ್ ಪೇಪರ್) ಉಜ್ಜಿ ಹೊಳಪು ತೆಗೆಯಿರಿ, ಬೇಕಿದ್ದರೆ ಮ್ಯಾಟ್ ಬಿಳಿ ಬಣ್ಣ ತೆಳ್ಳಗೆ ಸ್ಪ್ರೇ ಮಾಡಿಸಿ. ಲೋಹದ ಪುಡಿ ಇರುವ ಸಿಲ್ವರ್ ಬಣ್ಣ ಖಂಡಿತ ಬೇಡ. ಸುಕ್ಕಾದ ಮುಚ್ಚಳ ಬದಲಾಯಿಸಿ, ಅಲ್ಲಿಂದ ನೀರು ಇಳಿದರೆ ಎಲ್‌ಎನ್‌ಬಿಯೂ ಹೋಗುತ್ತೆ.

ಪ್ರಶ್ನೆ (ಜಗಳೂರಿನಿಂದ): ಮಳೆ ನಿಂತು ಒಂದು ದಿನ ಆದಮೇಲೂ ಸಿಗ್ನಲ್ ಮೇಲೆ ಕೆಳಗೆ ಆಡುತ್ತೆ.

ಉತ್ತರ: ಮಳೆ ಬರುವಾಗ ಬಿದ್ದು ನಿಂತಾಗ ಎದ್ದರೆ ಅದು ಆಕಾಶದ ಮಳೆ. ನಿಂತ ಮೇಲೂ ಆಡುತ್ತಿದ್ದರೆ ನೀರು ಕನೆಕ್ಟರಿನೊಳಗಿದೆ. ಕನೆಕ್ಟರ್ ಬಿಚ್ಚಿ ಕೇಬಲ್ ತುದಿ ನೋಡಿ, ಹೆಣೆದ ತಂತಿ ಕಪ್ಪು ಅಥವಾ ಹಸಿರು ಆಗಿದ್ದರೆ ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ತನ್ನಲ್ಲೇ ಬೆಸೆದುಕೊಳ್ಳುವ ರಬ್ಬರ್ ಟೇಪು ಸಿಗುತ್ತೆ, ಅದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರಬೇಕು. ಕನೆಕ್ಟರಿಗೆ ಮೊದಲು ಕೇಬಲ್ ಒಂದು ಗೇಣು ಜೋತುಬಿದ್ದಿರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ. ವಿನೆಗರ್ ವಾಸನೆ ಬರುವ ಸಿಲಿಕಾನ್ ಮಾತ್ರ ಬೇಡ, ಅದರ ಆಮ್ಲ ತಾಮ್ರ ತಿನ್ನುತ್ತೆ.

ಪ್ರಶ್ನೆ (ಚಿತ್ರದುರ್ಗದಿಂದ, ಇನ್ನೊಬ್ಬರು): ಸಂಜೆ ಸರಿಯಾಗಿ ಕೂರಿಸಿದ್ದು ಬೆಳಿಗ್ಗೆ ನೋಡಿದರೆ ಜರುಗಿರುತ್ತೆ. ಯಾವುದರ ಹಿಡಿತ ಸಾಲದು?

ಉತ್ತರ: ಜಾಗ ನೋಡಿ ಹೇಳಬೇಕು. ದಾವಣಗೆರೆ ಕಡೆ ಎರೆಮಣ್ಣಾದರೆ ಕಾಲುಗಳು ರಾತ್ರಿ ಇಬ್ಬನಿಗೇ ಇಳಿಯುತ್ತವೆ. ಒಂದೊಂದು ಕಾಲಿನ ಕೆಳಗೂ ಅಡಿ ಅಗಲದ ದಪ್ಪ ಹಲಗೆ ಹಾಕಿ. ದುರ್ಗದಲ್ಲಿ ನೆಲ ಗಟ್ಟಿ, ಗಾಳಿ ಕೆಟ್ಟದ್ದು, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದರೇ ಗೊತ್ತಾಗುತ್ತಲ್ಲ. ಗಂಟೆಗೆ 60 ಕಿಲೋಮೀಟರ್ ಗಾಳಿ ನೇರ ಬಡಿದರೆ 1.2 ಮೀಟರ್ ಡಿಶ್ ಮೇಲೆ ಸುಮಾರು 25 ಕೆಜಿ ಒತ್ತಡ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಮರಳಿನ ಚೀಲ ಕಾಲಿನ ತುದಿಗೆ ಇಡಿ, ನಡುವೆ ಅಲ್ಲ. ಅಷ್ಟಾದರೂ ಜರುಗಿದರೆ ಎತ್ತರ ಹೊಂದಿಸುವ ಸ್ಕ್ರೂನ ಸವೆದ ನಟ್ಟು ನೋಡಿ. ಡಿಶ್‌ನ ಮೇಲಂಚು ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಕೈಗೇ ಗೊತ್ತಾಗುತ್ತೆ.

ಪ್ರಶ್ನೆ (ಹೊಸದುರ್ಗದಿಂದ): ಲೈವ್ ನಡೆಯುತ್ತಿರುವಾಗ ಫೀಡ್ ಮೇಲೆ ಕೂತ ಧೂಳು ಒರೆಸಬಹುದಾ? ನಮ್ಮ ಹುಡುಗ ಒರೆಸ್ತಾನೆ, ಏನೂ ಆಗಿಲ್ಲ.

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. ಟ್ರಾನ್ಸ್‌ಮಿಟ್ ಆನ್ ಇರುವಾಗ ಫೀಡ್ ಬಾಯಿಂದ ಹೊರಡುವ ಮೈಕ್ರೋವೇವ್ ಅತಿ ಸಾಂದ್ರವಾಗಿರುವುದು ಅಲ್ಲೇ. ಅದು ಮೈಯ ಒಳಗನ್ನು ಬಿಸಿ ಮಾಡುತ್ತೆ, ಕಣ್ಣಿಗಂತೂ ತುಂಬಾ ಅಪಾಯ. ನೋವು ಗೊತ್ತಾಗುವ ಹೊತ್ತಿಗೆ ಹಾನಿ ಆಗಿರುತ್ತೆ. ಡಿಶ್ ಮತ್ತು ಫೀಡ್ ನಡುವೆ ಕೈಯೂ ಹೋಗಬಾರದು, ತಲೆಯೂ ಹೋಗಬಾರದು. ಡಿಶ್ ಮುಂದೆ ಹಗ್ಗ ಕಟ್ಟಿ, ಜಾತ್ರೆಯಲ್ಲಿ ಮಕ್ಕಳು ಬಂದು ನಿಲ್ಲುತ್ತಾರೆ. ಒರೆಸಲೇಬೇಕಾದರೆ ಹಬ್‌ಗೆ ಹೇಳಿ ಕ್ಯಾರಿಯರ್ ಇಳಿಸಿ, ಬಿಯುಸಿಗೆ ಹೋಗುವ ಕರೆಂಟನ್ನೇ ತೆಗೆಯಿರಿ. ಆ ಪ್ಲಗ್ ಒರೆಸುವವನ ಜೇಬಿನಲ್ಲೇ ಇರಲಿ, ಅವನು ಇಳಿದು ಬಂದು ತಾನೇ ಹಾಕಲಿ.