ಮೊದಲ ಕಥಾ ಸಂಕಲನ: ಪ್ರಕಾಶಕರಿಗೆ ಕೊಡಲೋ, ನಾನೇ ಅಚ್ಚು ಹಾಕಿಸಲೋ?

ಶಿರಾ ಮೇಷ್ಟ್ರು: ಪ್ರಕಾಶಕರೊಬ್ಬರು ಶೇ. 10 ಗೌರವಧನ (ರಾಯಲ್ಟಿ) ಕೊಡುತ್ತೇವೆ ಅಂದಿದ್ದಾರೆ. ಆದರೆ ಒಪ್ಪಂದದಲ್ಲಿ ‘ಎಲ್ಲ ಹಕ್ಕೂ ಪ್ರಕಾಶಕರದ್ದು’ ಅಂತಿದೆ, ಅವಧಿಯೇ ಇಲ್ಲ. ತುಮಕೂರಿನ ಪ್ರೆಸ್‌ನಲ್ಲಿ ನಾನೇ ಹಾಕಿಸಬಹುದು. ಮಾರುವುದು ಯಾರು? ನೆಂಟರಿಗೆ ಸುಮ್ನೆ ಹಂಚಿ ಮುಗಿಸಲು ಮನಸ್ಸಿಲ್ಲ.

ತಿಪಟೂರು ಓದುಗ: ಸಾರ್, ಅವಧಿ ಬರೆಯದಿದ್ದರೆ 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಕೊಟ್ಟಿದ್ದು 5 ವರ್ಷಕ್ಕೆ ಅಂತ ಲೆಕ್ಕ. ಆದರೂ ಬರೆಸಿಕೊಳ್ಳಿ. ಇ-ಪುಸ್ತಕ, ಆಡಿಯೋ, ಸಿನಿಮಾ ಹಕ್ಕು ನಿಮ್ಮ ಹತ್ರಾನೇ ಇರಲಿ.

ಕೊರಟಗೆರೆ ಅಕ್ಕ: ನಾನೇ ಹಾಕಿಸಿದೆ. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ಸರ್ಕಾರ ದುಡ್ಡು ಕೇಳುವುದಿಲ್ಲ, ಏಜೆಂಟರಿಗೆ ಕೊಡಬೇಡಿ. ಕರಡು ತಿದ್ದುವವರಿಗೆ ಮಾತ್ರ ಜಿಪುಣತನ ಬೇಡ. ಕಟ್ಟು ಕಟ್ಟಿ ಪೋಸ್ಟ್ ಆಫೀಸಿಗೆ ಓಡಾಡುವುದೂ ನೀವೇ, ಮೇಷ್ಟ್ರೇ!

ಶಿರಾ ಮೇಷ್ಟ್ರು: ಅವಧಿ ಹಾಕಿ ಅಂತ ಕೇಳುತ್ತೇನೆ. ಒಪ್ಪದಿದ್ದರೆ ಪ್ರೆಸ್ಸೇ ಗತಿ.