ಪ್ರಶ್ನೋತ್ತರ: ವಿಶ್ವ ಚಾಂಪಿಯನ್‌ಶಿಪ್ ಸೈಕಲ್ ರೇಸ್ ಹೇಗೆ ಸಾಗಬಹುದೆಂದು ಮೊದಲೇ ಅಂದಾಜಿಸುವುದು ಹೇಗೆ?

ಪ್ರಶ್ನೆ (ಕಾಲೇಜು ಉಪನ್ಯಾಸಕರು, ಗದಗ):

ಕೋಚ್ ಸರ್, ನಮಸ್ಕಾರ. ಸೆಪ್ಟೆಂಬರ್ 27ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆಯಲಿರುವ 2026ರ ವಿಶ್ವ ಚಾಂಪಿಯನ್‌ಶಿಪ್ ಪುರುಷರ ರೋಡ್ ರೇಸನ್ನು, ಬೆಳಗಿನ ಜಾವ ಒಟ್ಟಿಗೆ ಸೈಕಲ್ ತುಳಿಯುವ ನಾವು ಏಳೆಂಟು ಜನ ಕೂಡಿ ನೋಡಬೇಕೆಂದಿದ್ದೇವೆ. ಆರು ಗಂಟೆಗೂ ಮಿಕ್ಕಿ ನಡೆಯುವ ಈ ಸ್ಪರ್ಧೆಯಲ್ಲಿ ಬಹುಹೊತ್ತು ಏನೂ ನಡೆಯುತ್ತಿಲ್ಲವೆಂದೇ ನಮಗೆ ಅನ್ನಿಸುತ್ತದೆ. ಆಮೇಲೆ ಒಮ್ಮೆಲೇ ಎಲ್ಲವೂ ಮುಗಿದುಹೋಗಿರುತ್ತದೆ. ಸ್ಪರ್ಧೆ ಹೇಗೆ ಸಾಗಬಹುದೆಂದು ತಾವು ಮೊದಲೇ ಹೇಗೆ ಲೆಕ್ಕ ಹಾಕುತ್ತೀರಿ? ಹಿಂದಿನ ಎರಡು ವರ್ಷ ಈ ಪಟ್ಟ ಗೆದ್ದ ಸ್ಲೊವೇನಿಯಾದ ತದೇಯ್ ಪೊಗಾಚರ್ ಬಂದರೆ ಅವರೇ ಗೆಲ್ಲುತ್ತಾರೆ ಎನ್ನುವುದಕ್ಕಿಂತ ಹೆಚ್ಚಿನದೇನಾದರೂ ಹೇಳಲು ಸಾಧ್ಯವೇ?

ಉತ್ತರ (ಸೈಕ್ಲಿಂಗ್ ತರಬೇತುದಾರ):

ನಮಸ್ಕಾರ ಸರ್. ನಾನು ಯಾರು ಗೆಲ್ಲುತ್ತಾರೆ ಎಂಬಲ್ಲಿಂದ ಲೆಕ್ಕ ಆರಂಭಿಸುವುದಿಲ್ಲ. ಯಾರು ಗಾಳಿಗೆ ಎದೆಯೊಡ್ಡಿ ದುಡಿಯಬೇಕಾಗುತ್ತದೆ, ಯಾರು ಇನ್ನೊಬ್ಬರ ಬೆನ್ನ ಹಿಂದೆ ಕೂತು ಸಾಗಬಹುದು ಎಂಬುದನ್ನು ಮೊದಲು ಕೇಳಿಕೊಳ್ಳುತ್ತೇನೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದರಲ್ಲೇ ಖರ್ಚಾಗುತ್ತದೆ, ಅವನ ಹಿಂದೆಯೇ ಇರುವವನಿಗೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಉಳಿತಾಯವಾಗುತ್ತದೆ. ಆಷಾಢದಲ್ಲಿ ಗದಗದಿಂದ ಹುಬ್ಬಳ್ಳಿಯ ಕಡೆಗೆ ಪಡುವಣ ಗಾಳಿಗೆ ಎದುರಾಗಿ ಒಮ್ಮೆ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಡಿದಾದ ಏರಿನಲ್ಲಿ ವೇಗ ಇಳಿದಂತೆಲ್ಲ ಗಾಳಿಮರೆಯ ಈ ಲಾಭವೂ ಕರಗುತ್ತದೆ. ಅಲ್ಲಿ ಪ್ರತಿಯೊಬ್ಬನೂ ತನ್ನ ಮೈಭಾರವನ್ನು ತಾನೇ ಹೊರಬೇಕು. ಆದ್ದರಿಂದಲೇ ಗುಂಪು ಒಡೆಯುವುದು ಏರಿನಲ್ಲಿ, ಅಡ್ಡಗಾಳಿಯಲ್ಲಿ ಅಥವಾ ಮೇಲಿಂದ ಮೇಲೆ ಬರುವ ತಿರುವುಗಳಲ್ಲಿ.

ಮಾಂಟ್ರಿಯಲ್‌ನ ಮೌಂಟ್ ರಾಯಲ್ ಗುಡ್ಡ ಈ ಕ್ರೀಡೆಗೆ ಹೊಸದಲ್ಲ. 1974ರಲ್ಲಿ ಬೆಲ್ಜಿಯಂನ ಹೆಸರಾಂತ ಸವಾರ ಎಡ್ಡಿ ಮರ್ಕ್ಸ್ ತಮ್ಮ ಮೂರನೆಯ ವಿಶ್ವ ಪಟ್ಟವನ್ನು ಗೆದ್ದದ್ದು ಅಲ್ಲಿಯೇ, ಮತ್ತು 2010ರಿಂದ ಅಲ್ಲಿ ಗ್ರಾಂ ಪ್ರಿ ಎಂಬ ವೃತ್ತಿತಂಡಗಳ ಒಂದು ದಿನದ ಸ್ಪರ್ಧೆ ನಡೆಯುತ್ತ ಬಂದಿದೆ. ಅದರ ಮುಖ್ಯ ಏರು 1.8 ಕಿ.ಮೀ. ಉದ್ದದ್ದು, ಸರಾಸರಿ ಶೇ. 8ರಷ್ಟು ಕಡಿದು. ಒಂದು ಸಲ ಹತ್ತುವುದು ಇವರಿಗೆ ದೊಡ್ಡ ಮಾತಲ್ಲ. ಅದೇ ಏರು ಸುತ್ತು ಸುತ್ತಿಗೂ ಎದುರಾಗುವುದರಿಂದ ಕಾಲುಗಳ ಕಸುವು ಸ್ವಲ್ಪಸ್ವಲ್ಪವಾಗಿ ಸೋರಿಹೋಗುತ್ತದೆ. ಹೊರಗೆ ನೋಡುವವರಿಗೆ ಏನೂ ನಡೆಯದಂತೆ ಕಾಣುವ ಆ ಮೊದಲ ನಾಲ್ಕು ಗಂಟೆಗಳಲ್ಲಿ ನಿಜವಾಗಿ ನಡೆಯುತ್ತಿರುವುದು ಈ ಸೋರಿಕೆಯೇ. ಹೀಗಾಗಿ ಕೊನೆಯಲ್ಲಿ ದೊಡ್ಡ ಗುಂಪಿನ ಸ್ಪ್ರಿಂಟ್ ಆಗುತ್ತದೆಂದು ನಾನು ಎಣಿಸುವುದಿಲ್ಲ.

ಪೊಗಾಚರ್ ವಿಷಯದಲ್ಲಿ ಹಿಂದಿನ ಎರಡು ವರ್ಷಗಳನ್ನು ನೋಡಿ. 2024ರಲ್ಲಿ ಜೂರಿಕ್‌ನಲ್ಲಿ ಅವರು ಇನ್ನೂ 100 ಕಿ.ಮೀ. ಉಳಿದಿರುವಾಗಲೇ ಗುಂಪನ್ನು ಬಿಟ್ಟು ಹೊರಟರು. ಮೊದಲೇ ಮುಂದಿದ್ದ ತಮ್ಮದೇ ದೇಶದ ಯಾನ್ ಟ್ರಾಟ್ನಿಕ್ ಹಿಂದೆ ಸರಿದು ಅವರಿಗೆ ಹೆಗಲು ಕೊಟ್ಟರು. 2025ರಲ್ಲಿ ರುವಾಂಡಾದ ಕಿಗಾಲಿಯಲ್ಲಿಯೂ ನೂರಕ್ಕೂ ಹೆಚ್ಚು ಕಿ.ಮೀ. ಇರುವಾಗಲೇ ದಾಳಿ ಮಾಡಿ (ಅಂದರೆ ಒಮ್ಮೆಲೇ ವೇಗ ಹೆಚ್ಚಿಸಿ ಗುಂಪನ್ನು ಬಿಟ್ಟು ಹೊರಟು), ಕೊನೆಯ 66 ಕಿ.ಮೀ. ಒಬ್ಬರೇ ತುಳಿದರು, ಹೊರಟ 165 ಜನರಲ್ಲಿ ಗುರಿ ಮುಟ್ಟಿದವರು ಬರೀ 30. ಅಂದರೆ ನಮ್ಮ ಸಂಜೆ ಅಲ್ಲಿನ ಬೆಳಗಾಗುವುದರಿಂದ, ಊಟ ಮುಗಿಸಿ ಕೊನೆಯ ಒಂದು ಗಂಟೆ ಮಾತ್ರ ನೋಡೋಣವೆಂದುಕೊಂಡರೆ ನಿರ್ಣಾಯಕ ಗಳಿಗೆ ಕೈತಪ್ಪಬಹುದು. ಗುರಿಗೆ 110 ಕಿ.ಮೀ. ಇರುವಾಗ ಎಲ್ಲರೂ ಪರದೆಯ ಮುಂದಿರಬೇಕೆಂಬುದು ನನ್ನ ಸಲಹೆ.

ಮರುಪ್ರಶ್ನೆ (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ):

ಸರ್, ಅಷ್ಟು ಸ್ಪಷ್ಟವಾಗಿ ಗೊತ್ತಿದ್ದ ಮೇಲೆ ಉಳಿದವರು ಒಟ್ಟಾಗಿ ಅವರನ್ನು ಏಕೆ ಬೆನ್ನಟ್ಟುವುದಿಲ್ಲ? ನೂರು ಜನರ ಎದುರು ಒಬ್ಬ ಮನುಷ್ಯ ಅಷ್ಟು ದೂರ ಉಳಿಯುವುದಾದರೂ ಹೇಗೆ?

ಉತ್ತರ:

ಬಹಳ ಸರಿಯಾದ ಪ್ರಶ್ನೆ ಕೇಳಿದ್ದೀರಿ. ವಿಶ್ವ ಚಾಂಪಿಯನ್‌ಶಿಪ್ ಉಳಿದ ಸ್ಪರ್ಧೆಗಳಿಗಿಂತ ಬೇರೆಯಾಗುವುದೇ ಇಲ್ಲಿ. ಫ್ರಾನ್ಸಿನ ವೀಕ್ಷಕ ವಿವರಣೆಗಾರ ರಾಬರ್ಟ್ ಶಾಪಾತ್ ಹೇಳಿಕೊಟ್ಟ ಹಳೆಯ ಲೆಕ್ಕವೊಂದಿದೆ: ಸಂಘಟಿತವಾದ ಗುಂಪು 10 ಕಿ.ಮೀ.ಗೆ ಸುಮಾರು ಒಂದು ನಿಮಿಷದ ಅಂತರವನ್ನು ಮರಳಿ ಪಡೆಯುತ್ತದೆ. ಆ ಲೆಕ್ಕದಲ್ಲಿ 30 ಕಿ.ಮೀ. ಉಳಿದಿದ್ದು ಮುಂದಿರುವವನಿಗೆ ಎರಡು ನಿಮಿಷಗಳ ಅಂತರವಿದ್ದರೆ ಅವನು ಸಿಕ್ಕಿಬೀಳಬೇಕು. ಆದರೆ ಈ ಲೆಕ್ಕ ನಿಂತಿರುವುದು ‘ಸಂಘಟಿತ’ ಎಂಬ ಒಂದೇ ಪದದ ಮೇಲೆ. ಇಲ್ಲಿ ಸವಾರರು ವರ್ಷವಿಡೀ ತೊಡುವ ವೃತ್ತಿತಂಡದ ಅಂಗಿಯನ್ನು ಕಳಚಿ ದೇಶದ ಅಂಗಿ ತೊಟ್ಟಿರುತ್ತಾರೆ, ಬಲಿಷ್ಠ ದೇಶಕ್ಕೂ ಸಾಮಾನ್ಯವಾಗಿ 8 ಜನರಷ್ಟೇ ಇರುತ್ತಾರೆ, ತಂಡದವರ ಸೂಚನೆ ಕೇಳಲು ಕಿವಿಯಲ್ಲಿ ರೇಡಿಯೋ ಇರುವುದಿಲ್ಲ. ಕಿಗಾಲಿಯಲ್ಲಿ ಪೊಗಾಚರ್ ದಾಳಿ ಮಾಡಿದಾಗ ಅವರ ಜೊತೆ ಹೋಗಲು ಯತ್ನಿಸಿದ ಸ್ಪೇನಿನ ಹುವಾನ್ ಆಯುಸೊ ಮತ್ತು ಮೆಕ್ಸಿಕೋದ ಇಸಾಕ್ ಡೆಲ್ ಟೋರೊ ಇಬ್ಬರೂ ಆ ವರ್ಷ ಅವರದೇ ವೃತ್ತಿತಂಡದವರಾಗಿದ್ದರು. ಮಾಂಟ್ರಿಯಲ್‌ನ ಗ್ರಾಂ ಪ್ರಿಯನ್ನು 2022ರಿಂದ 2025ರವರೆಗೆ ನಾಲ್ಕೂ ಸಲ ಗೆದ್ದದ್ದು ಆ ಒಂದೇ ತಂಡ: ಎರಡು ಸಲ ಸ್ವತಃ ಪೊಗಾಚರ್, ಒಮ್ಮೆ ಆ್ಯಡಂ ಯೇಟ್ಸ್, ಒಮ್ಮೆ ಬ್ರಾಂಡನ್ ಮೆಕ್‌ನಲ್ಟಿ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇವರು ಮೂವರೂ ಸ್ಲೊವೇನಿಯಾ, ಬ್ರಿಟನ್, ಅಮೆರಿಕ ಎಂದು ಬೇರೆ ಬೇರೆ ದೇಶಗಳವರು. ಆದ್ದರಿಂದ ಗ್ರಾಂ ಪ್ರಿಯ ಫಲಿತಾಂಶವನ್ನು ನೇರವಾಗಿ ಇಲ್ಲಿಗೆ ಎತ್ತಿ ತರಬಾರದು.

ಬೆನ್ನಟ್ಟುವವರ ಕಷ್ಟ ಇನ್ನೊಂದು ಬಗೆಯದು. ಹಿಂದಿನ ಗುಂಪಿನಲ್ಲಿ ನಾಲ್ಕು ದೇಶಗಳ ನಾಲ್ವರು ಬಲಿಷ್ಠರಿದ್ದರೆ, ಯಾರು ಹೆಚ್ಚು ದುಡಿಯುತ್ತಾನೋ ಅವನೇ ಕೊನೆಯಲ್ಲಿ ಉಳಿದ ಮೂವರಿಗೆ ಸೋಲುತ್ತಾನೆ. ಎಲ್ಲರಿಗೂ ಇದು ಗೊತ್ತಿರುವುದರಿಂದ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಾರೆ. 2025ರ ಮಹಿಳೆಯರ ಸ್ಪರ್ಧೆಯಲ್ಲಿ ಆದದ್ದು ಇದೇ: ಹೆಸರಾಂತ ಸವಾರರು ಒಬ್ಬರನ್ನೊಬ್ಬರು ಕಾಯುತ್ತಿದ್ದಾಗ ಕೆನಡಾದ ಮ್ಯಾಗ್ಡಲೀನ್ ವಾಲಿಯೇರ್ ಮುಂದೆ ಹೋದವರಲ್ಲಿ ಸೇರಿಕೊಂಡು ಗೆದ್ದುಬಿಟ್ಟರು. ಅವರು ಕ್ವಿಬೆಕ್ ಪ್ರಾಂತ್ಯದವರೇ, ಈ ಸಲ ಸ್ಪರ್ಧೆ ಅವರ ಮನೆಯಂಗಳದಲ್ಲಿ. ಮಹಿಳೆಯರ ಸ್ಪರ್ಧೆಯನ್ನೂ ದಯವಿಟ್ಟು ತಪ್ಪಿಸಬೇಡಿ. ರೇಡಿಯೋ ಇಲ್ಲದಿರುವುದರ ಪರಿಣಾಮ ಎಷ್ಟೆಂಬುದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಂಡಿತು. ಆಸ್ಟ್ರಿಯಾದ ಗಣಿತಜ್ಞೆ ಆನಾ ಕೀಸನ್‌ಹೋಫರ್ ಆರಂಭದಲ್ಲೇ ಹೊರಟು ಗೆದ್ದರು, ಒಂದೂಕಾಲು ನಿಮಿಷದ ನಂತರ ಗುರಿ ಮುಟ್ಟಿದ ಡಚ್ ಸವಾರೆ ಆನೆಮೀಕ್ ಫಾನ್ ಫ್ಲೂಟನ್ ಮುಂದೆ ಒಬ್ಬರು ಹೋಗಿದ್ದಾರೆಂದು ತಿಳಿಯದೆ ತಾವೇ ಗೆದ್ದೆವೆಂದು ಕೈಯೆತ್ತಿದರು.

ಇಷ್ಟನ್ನೂ ಸೇರಿಸಿ ನನ್ನ ಅಂದಾಜು ಹೀಗಿದೆ. ಮೊದಲಿಗೆ ಸಣ್ಣ ತಂಡಗಳ ಕೆಲವರು ಮುಂದೆ ಹೋಗುತ್ತಾರೆ. ಪ್ರಬಲ ದೇಶಗಳು ಅವರ ಜೊತೆ ತಮ್ಮದೊಬ್ಬನನ್ನು ಕಳಿಸಿಟ್ಟಿರುತ್ತವೆ, ಆತ ನಂತರ ನಾಯಕನಿಗೆ ಆಸರೆಯಾಗಲಿ ಎಂದು. ಯಾವ ದೇಶದವನು ಮುಂದಿಲ್ಲವೋ ಆ ದೇಶವೇ ಬೆನ್ನಟ್ಟುವ ಹೊರೆ ಹೊರಬೇಕು. ನೂರು ಕಿ.ಮೀ. ಸಮೀಪಿಸುವಾಗ ಏರಿನ ಬುಡದಲ್ಲಿ ಸ್ಲೊವೇನಿಯಾದ ಸವಾರರು ಸಾಲಾಗಿ ಮುಂದೆ ಬಂದರೆ ದಾಳಿ ಹತ್ತಿರವಾಯಿತೆಂದು ತಿಳಿಯಿರಿ. ಆಗ ಪೊಗಾಚರ್ ಜೊತೆ ಇಬ್ಬರು ಮೂವರು ಉಳಿದು, ಅವರು ಬೇರೆ ಬೇರೆ ದೇಶದವರಾಗಿದ್ದರೆ ಪೊಗಾಚರ್ ಗೆಲ್ಲುವ ಸಂಭವ ಹೆಚ್ಚು. ಒಂದೇ ದೇಶದ ಇಬ್ಬರು ಉಳಿದರೆ ಮಾತ್ರ ಒಬ್ಬರಾದ ಮೇಲೊಬ್ಬರು ದಾಳಿ ಮಾಡಿ ಅವರನ್ನು ದಣಿಸಬಲ್ಲರು. ಪೊಗಾಚರ್‌ಗೆ ನಿಜವಾದ ಅಪಾಯವೆಂದು ನಾನು ಕಾಣುವುದು ಇದೊಂದನ್ನೇ.

ಮರುಪ್ರಶ್ನೆ (ಜೂನಿಯರ್ ಸವಾರೆಯೊಬ್ಬಳ ತಾಯಿ, ರೋಣ):

ಸರ್, ನನ್ನ ಮಗಳು ಜಿಲ್ಲಾ ಮಟ್ಟದ ಸ್ಪರ್ಧೆಗೆ ಸಿದ್ಧಳಾಗುತ್ತಿದ್ದಾಳೆ. ನಮ್ಮ ಕಡೆ ಅಂತಹ ಗುಡ್ಡಗಳೇನೂ ಇಲ್ಲ. ಸ್ಪರ್ಧೆ ಎಲ್ಲಿ ಒಡೆಯುತ್ತದೆಂದು ಅವಳು ತಿಳಿಯುವುದು ಹೇಗೆ?

ಉತ್ತರ:

ತಾಯಿ, ನಿಮ್ಮ ಕಡೆ ಗುಡ್ಡದ ಕೆಲಸವನ್ನು ಗಾಳಿಯೇ ಮಾಡುತ್ತದೆ. ಗದಗದಿಂದ ರೋಣದ ರಸ್ತೆ ಬಹುಮಟ್ಟಿಗೆ ಉತ್ತರಾಭಿಮುಖ; ಮಳೆಗಾಲದ ಪಡುವಣ ಗಾಳಿ ಎರೆ ಹೊಲಗಳನ್ನು ದಾಟಿ ಎಡಗಡೆಯಿಂದ ನೇರವಾಗಿ ಬಡಿಯುತ್ತದೆ. ಆಗ ಮರೆ ಸಿಗುವುದು ಮುಂದಿನವರ ಬೆನ್ನ ಹಿಂದಲ್ಲ, ಅವರ ಬಲಕ್ಕೆ ತುಸು ಹಿಂದೆ. ಸವಾರರು ರಸ್ತೆಯಗಲಕ್ಕೆ ಓರೆಸಾಲಾಗಿ ಹರಡುತ್ತಾರೆ, ರಸ್ತೆ ಮುಗಿದಲ್ಲಿ ಮರೆಯೂ ಮುಗಿಯುತ್ತದೆ, ಅಲ್ಲಿಂದಾಚೆಗೆ ಅಂಚಿನಲ್ಲಿ ಒಂಟಿ ಸಾಲಾಗಿ ಉಳಿದವರು ಒಬ್ಬೊಬ್ಬರಾಗಿ ಕಳಚಿಹೋಗುತ್ತಾರೆ. 2016ರಲ್ಲಿ ಕತಾರ್‌ನ ದೋಹಾದಲ್ಲಿ ಒಂದೂ ಏರಿಲ್ಲದ ಮರುಭೂಮಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ಒಡೆದದ್ದು ಹೀಗೆಯೇ. ಬೆಲ್ಜಿಯಂನ ಆರು ಜನ ಮುಂದಿನ ಗುಂಪಿನಲ್ಲಿದ್ದರೂ, ಎಲ್ಲರ ಬೆವರಿನ ಮರೆಯಲ್ಲಿ ಸಾಗಿ ಬಂದ ಸ್ಲೊವಾಕಿಯಾದ ಪೀಟರ್ ಸಗಾನ್ ಕೊನೆಯ ಸ್ಪ್ರಿಂಟ್‌ನಲ್ಲಿ ಗೆದ್ದರು.

ಸ್ಪರ್ಧೆಯ ಹಿಂದಿನ ದಿನ ಮಗಳನ್ನು ಕರೆದುಕೊಂಡು ಆ ಮಾರ್ಗದಲ್ಲಿ ಒಮ್ಮೆ ಹೋಗಿ ಬನ್ನಿ. ರಸ್ತೆ ಎಲ್ಲಿ ದಿಕ್ಕು ಬದಲಿಸುತ್ತದೆ, ಊರಿನ ಮನೆಗಳು ಮತ್ತು ಮರಗಳ ಸಾಲು ಮುಗಿದು ಬಯಲು ಎಲ್ಲಿ ತೆರೆಯುತ್ತದೆ ಎಂಬುದನ್ನು ಅವಳೇ ಬರೆದುಕೊಳ್ಳಲಿ. ಆ ಜಾಗಕ್ಕೆ ಅರ್ಧ ಕಿ.ಮೀ. ಮೊದಲೇ ಅವಳು ಮೊದಲ ಹತ್ತು ಜನರೊಳಗೆ ಬಂದಿರಬೇಕು, ಏಕೆಂದರೆ ಗುಂಪು ಒಡೆದ ಮೇಲೆ ಮುಂದೆ ಬರುವುದಕ್ಕೆ ಎರಡು ಪಟ್ಟು ಶಕ್ತಿ ಬೇಕು. ಓರೆಸಾಲಿನ ಅಭ್ಯಾಸವನ್ನು ಮಾತ್ರ ಲಾರಿ, ಬಸ್ಸುಗಳು ಓಡಾಡುವ ರಸ್ತೆಯಲ್ಲಿ ಎಂದಿಗೂ ಮಾಡಿಸಬೇಡಿ. ಭಾನುವಾರ ಬೆಳಿಗ್ಗೆ ವಾಹನವಿಲ್ಲದ ಮೈದಾನದಲ್ಲಿ ನಾಲ್ಕು ಮಕ್ಕಳನ್ನು ಸೇರಿಸಿ ನಾನೇ ತೋರಿಸಿಕೊಡುತ್ತೇನೆ, ಕರೆತನ್ನಿ.