ಟ್ಯಾಪ್ ಆನ್ ಇದ್ದರೆ ಸಾಕು, ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದೆ

ಪ್ರಶ್ನೆ: ಗೆಳೆಯರೇ, ನನ್ನದು ಕಾರ್ಬೊರೇಟರ್ ಇರುವ ಹಳೇ ಬೈಕ್. ಎರಡು ತಿಂಗಳು ಓಡಿಸದೆ ಹಾಗೇ ನಿಲ್ಲಿಸಿದ್ದೆ. ಈಗ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಅಂಗೈಯಗಲ ಪೆಟ್ರೋಲ್ ಕಲೆ. ಹೊಸ ಪೈಪ್ ಹಾಕಿದರೂ ನಿಂತಿಲ್ಲ. ಮನೆಯಲ್ಲೇ ಸರಿ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ಮೊದಲು ಎಲ್ಲಿಂದ ಬರುತ್ತಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಬಿಚ್ಚಿ. ಪೆಟ್ರೋಲ್ ಒಂದು ಕಡೆ ಸೋರಿ, ಹರಿದು, ಇನ್ನೊಂದು ಕಡೆ ಬೀಳುತ್ತದೆ. ಎಂಜಿನ್ ತಣ್ಣಗಾದ ಮೇಲೆ ಬೈಕನ್ನು ಬಯಲಿಗೆ ತನ್ನಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ನೆಲಮಟ್ಟಕ್ಕೇ ಕೂತಿರುತ್ತದೆ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆದುಬಿಡಿ.

ಪೆಟ್ರೋಲ್ ಟ್ಯಾಂಕಿನ ಕೆಳಗಿರುವ ಟ್ಯಾಪ್ ಆಫ್ ಮಾಡಿ ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ. ಹತ್ತು ನಿಮಿಷದಲ್ಲಿ ಟ್ಯಾಪಿನ ಸುತ್ತ ಒದ್ದೆಯಾದರೆ ಅದರ ವಾಷರ್ ಹೋಗಿದೆ. ಆನ್ ಮಾಡಿದ ಮೇಲೆ ಬೌಲಿನ (ಕಾರ್ಬೊರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಅಂಚು ಒದ್ದೆಯಾದರೆ ಅಲ್ಲಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗಿದೆ. ಬೌಲಿನಲ್ಲಿ ಹೆಚ್ಚಾದ ಪೆಟ್ರೋಲ್ ಹೊರಹೋಗುವ ಓವರ್‌ಫ್ಲೋ ಪೈಪಿನಿಂದ ಬಂದರೆ ಫ್ಲೋಟ್ ನೀಡಲ್ (ಬೌಲಿನಲ್ಲಿ ತೇಲುವ ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ಬರುವ ತೂತನ್ನು ಮುಚ್ಚುವ ಸೂಜಿ) ಸರಿಯಾಗಿ ಮುಚ್ಚುತ್ತಿಲ್ಲ.

ಪ್ರಶ್ನೆ: ಓವರ್‌ಫ್ಲೋ ಪೈಪಿನಿಂದಲೇ! ಸ್ಕ್ರೂಡ್ರೈವರ್ ಹಿಡಿಯಿಂದ ಬೌಲನ್ನು ಮೆಲ್ಲಗೆ ತಟ್ಟಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಶುರು. ಈ ಪೈಪಿನ ಬಾಯಿ ಮುಚ್ಚಿಬಿಡಲಾ?

ಉತ್ತರ: ದಯವಿಟ್ಟು ಬೇಡ. ಹೊರಗೆ ದಾರಿ ಇಲ್ಲದ ಪೆಟ್ರೋಲ್ ಸಿಲಿಂಡರಿಗೆ ಇಳಿದು ಎಂಜಿನ್ ಆಯಿಲ್ ಜೊತೆ ಬೆರೆಯುತ್ತದೆ. ಪೈಪ್ ತೆರೆದಿದ್ದರೂ ಕೆಲವೊಮ್ಮೆ ಹೀಗಾಗುತ್ತದೆ. ಅದಕ್ಕೇ ಈಗಲೇ ಆಯಿಲ್ ನೋಡಿ. ಮಟ್ಟ ಏರಿದೆಯಾ, ಪೆಟ್ರೋಲ್ ವಾಸನೆ ಇದೆಯಾ? ಇದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ತೆಳುವಾದ ಆಯಿಲಿನಿಂದ ಬೇರಿಂಗ್ ಸವೆಯುತ್ತದೆ.

ಬೈಕ್ ತುಂಬಾ ದಿನ ನಿಂತರೆ ಪೆಟ್ರೋಲ್ ಆರಿ ಅಂಟು ಉಳಿಯುತ್ತದೆ, ಅದರಿಂದ ನೀಡಲ್ ಸರಿಯಾಗಿ ಕೂರುವುದಿಲ್ಲ. ಟ್ಯಾಪ್ ಆಫ್ ಮಾಡಿ, ಡ್ರೈನ್ ಸ್ಕ್ರೂನಿಂದ ಬೌಲ್ ಖಾಲಿ ಮಾಡಿ ಬಿಚ್ಚಿ. ಫ್ಲೋಟಿನ ಪಿನ್ ತಳ್ಳಿದರೆ ನೀಡಲ್ ಕೈಗೆ ಬರುತ್ತದೆ. ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಉಂಗುರದ ಹಾಗೆ ಗೆರೆ ಬಿದ್ದಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸದೇ ಬೇಕು. ನೀಡಲ್ ಕೂರುವ ತೂತನ್ನು ಕಾರ್ಬೊರೇಟರ್ ಕ್ಲೀನರಿನಿಂದ ತೊಳೆಯಿರಿ, ತಂತಿ ಹಾಕಿ ಕೆರೆಯಬೇಡಿ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದೂ ತೂತಾಗಿದೆ ಅಂತಲೇ ಅರ್ಥ. ಬೌಲಿಗೆ ಸಾಮಾನ್ಯ ಸಿಲಿಕೋನ್ ಗಮ್ ಹಚ್ಚಬೇಡಿ, ಪೆಟ್ರೋಲಿಗೆ ಉಬ್ಬಿ ಕಿತ್ತುಬರುತ್ತದೆ.

ಪ್ರಶ್ನೆ: ನೀವು ಹೇಳಿದ್ದು ನಿಜ. ಆಯಿಲ್ ಮೇಲಿನ ಗೆರೆ ದಾಟಿತ್ತು, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ನೀವು ತಡೆಯದಿದ್ದರೆ ಸುಮ್ನೆ ಸ್ಟಾರ್ಟ್ ಮಾಡಿಬಿಡುತ್ತಿದ್ದೆ. ನೀಡಲ್ ತುದಿಯಲ್ಲಿ ಗೆರೆ ಎದ್ದು ಕಾಣುತ್ತಿತ್ತು. ಹೊಸ ನೀಡಲ್, ಹೊಸ ಗ್ಯಾಸ್ಕೆಟ್ ಹಾಕಿ ಆಯಿಲ್ ಬದಲಿಸಿದೆ. ಕೆಳಗೆ ಕಾಗದ ಹಾಸಿ, ಟ್ಯಾಪ್ ಆನ್ ಮಾಡಿ, ಒಂದು ಗಂಟೆ ಪಕ್ಕದಲ್ಲೇ ಕೂತು ನೋಡಿದೆ. ಒಂದು ಹನಿಯೂ ಬಿದ್ದಿಲ್ಲ.

ಉತ್ತರ: ತುಂಬಾ ಖುಷಿಯಾಯಿತು. ಇನ್ನು ಮುಂದೆ ಜಾಸ್ತಿ ದಿನ ನಿಲ್ಲಿಸುವುದಿದ್ದರೆ ಟ್ಯಾಪ್ ಆಫ್ ಮಾಡಿ, ಬೌಲ್ ಖಾಲಿ ಮಾಡಿಯೇ ನಿಲ್ಲಿಸಿ.